ಶೆಟ್ಟರ ಸಬ್‌ವೂಫರ್ ಮತ್ತು ನಾಲ್ಕು ಓಮ್

ಹೋದ ಶನಿವಾರ ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಪಾರ್ಕಿಂಗ್‌ನಲ್ಲಿ, ನನ್ನದಲ್ಲದ ಕಾರಿನ ಡಿಕ್ಕಿಯೊಳಗೆ ತಲೆ ತೂರಿಸಿ ಕೂತಿದ್ದೆ. ಕೈಯಲ್ಲಿ ಮಲ್ಟಿಮೀಟರ್, ಹಲ್ಲಿನ ನಡುವೆ ಸ್ಕ್ರೂಡ್ರೈವರ್. ವಯಸ್ಸು ಐವತ್ತು ದಾಟಿದೆ.

ವಾಚ್‌ಮನ್ ಓಡಿ ಬಂದ. “ಕಾಯ್ ಝಾಲಂ ತಾಈ?” ಏನಾಯ್ತಕ್ಕಾ ಅಂತ, ಮರಾಠಿಯಲ್ಲಿ.

ಏನಾಗಿತ್ತು ಎಂದರೆ, ಶೆಟ್ಟರ ಸಬ್‌ವೂಫರ್ ಮಾತು ನಿಲ್ಲಿಸಿತ್ತು.

ಶೆಟ್ಟರು ನಮ್ಮ ಕೆಳಗಿನ ಮಹಡಿಯವರು. ಕುಂದಾಪುರದ ಕಡೆಯವರು. ಸದಾಶಿವ ಪೇಠದಲ್ಲಿ ಅವರದೊಂದು ಹೋಟೆಲ್ ಇದೆ. ಕೋಚಿಂಗ್ ಕ್ಲಾಸಿನ ಹುಡುಗರು ಬೆಳಿಗ್ಗೆ ಇಡ್ಲಿ ವಡೆಗೆ ಮುತ್ತಿಕೊಳ್ಳುವ ಜಾಗ. ಶೆಟ್ಟರ ವಯಸ್ಸು ಅರವತ್ತರ ಮೇಲೆ. ಹೋಟೆಲಿನಲ್ಲಿ ತಮ್ಮಂದಿರು, ಮನೆಯಲ್ಲಿ ಮಗ, ಸೊಸೆ, ಮೊಮ್ಮಗಳು. ತುಂಬಿದ ಸಂಸಾರ. ಇಂಥವರು ಕಾರಿನ ಡಿಕ್ಕಿಯಲ್ಲಿ ಧಡ್ ಧಡ್ ಎನ್ನುವ ಡಬ್ಬ ಕೂರಿಸಿಕೊಂಡರೆ ಜನ ಏನನ್ನಬೇಕು? ಅಂದರು. (ನಾನೂ ಅಂದೆ, ಮನಸ್ಸಿನಲ್ಲಿ.)

ಆಮೇಲೆ ಕಾರಣ ಗೊತ್ತಾಯಿತು. ಶೆಟ್ಟರಿಗೆ ಕಿವಿ ಕೇಳಿಸುವುದಿಲ್ಲ.

ಒಂದೇ ಸಲ ಹೋದದ್ದಲ್ಲ. ಮೊದಲು ಡೋರ್‌ಬೆಲ್ ಹೋಯಿತು. ಆಮೇಲೆ ಕುಕ್ಕರಿನ ಸೀಟಿ. ಆಮೇಲೆ ಮೊಮ್ಮಗಳ ಮಾತು. ಡಾಕ್ಟರು ಕಿವಿಗೆ ಹಾಕುವ ಮಶೀನು ಕೊಟ್ಟರು. ಶೆಟ್ಟರು ಅದನ್ನು ಹಾಕಿಕೊಂಡು ಹೋಟೆಲಿನ ಗಲ್ಲಾದಲ್ಲಿ ಕೂತರು, ಮಧ್ಯಾಹ್ನದೊಳಗೆ ತೆಗೆದು ಜೇಬಿಗಿಟ್ಟರು. “ಸ್ಟೀಲ್ ಲೋಟ ಎಲ್ಲ ಕಿವಿ ಒಳಗೇ ಬಿದ್ದ ಹಾಗೆ ಆಗ್ತದೆ ಮಾರಾಯ್ರೆ,” ಎಂದರು ನನಗೆ.

ಅವರ ಮನೆಯಲ್ಲಿ ನಾನು ಊಟ ಮಾಡಿದ್ದೇನೆ. ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಯಾರೋ ಜೋಕ್ ಮಾಡುತ್ತಾರೆ, ಎಲ್ಲರೂ ನಗುತ್ತಾರೆ. ಶೆಟ್ಟರೂ ನಗುತ್ತಾರೆ. ಒಂದು ಕ್ಷಣ ತಡವಾಗಿ. ಉಳಿದವರ ಮುಖ ನೋಡಿಕೊಂಡು. ಒಂದು ಸಲ ನಾನು ಅದನ್ನು ಕಂಡೆ ಎಂದು ಅವರಿಗೂ ಗೊತ್ತಾಯಿತು. ತಲೆ ತಗ್ಗಿಸಿ ಸಾರನ್ನ ಕಲಸತೊಡಗಿದರು.

ಅಂಥವರು ಒಂದು ದಿನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಪಕ್ಕದ ಕಾರಿನಿಂದ ಹಾಡಿನ ಬೇಸ್, ಆ ಧಡ್ ಧಡ್, ಬಂತಂತೆ. ಕಿವಿಗಲ್ಲ, ಎದೆಗೆ. “ಭಾರಿ ಸಮಯದ ಮೇಲೆ ಒಂದು ಸದ್ದು ನನ್ನ ಹತ್ರ ತಾನಾಗಿ ಬಂತು,” ಎಂದರು. ಅದೇ ವಾರ ಸಬ್‌ವೂಫರ್ ಬಂತು, ಆಂಪ್ಲಿಫೈಯರ್ ಬಂತು. ಹಾಕಿದ್ದು ಸಿನಿಮಾ ಹಾಡಲ್ಲ. ಯಕ್ಷಗಾನ. ಅವರ ಸೋದರಮಾವ ಮೇಳವೊಂದರಲ್ಲಿ ಮದ್ದಳೆ ಬಾರಿಸುತ್ತಿದ್ದರಂತೆ. ಹಳೇ ಕ್ಯಾಸೆಟ್ಟಿನಿಂದ ಫೋನಿಗೆ ಇಳಿಸಿಕೊಂಡ ಒಂದೇ ಒಂದು ರೆಕಾರ್ಡಿಂಗ್ ಇದೆ. ಭಾಗವತರ ಸ್ವರ ಇವರಿಗೆ ಕೇಳಿಸದು. ಚೆಂಡೆಯೂ ಕೇಳಿಸದು. ಮದ್ದಳೆಯ ಗುಂಕಾರ ಮಾತ್ರ ಸೀಟಿನಿಂದ ಬೆನ್ನಿಗೆ ಬರುತ್ತದೆ.

ಬಂದದ್ದು ಎರಡು ದಿನ. ಮೂರನೇ ದಿನ ವಾಲ್ಯೂಮ್ ಏರಿಸುತ್ತಲೇ ಕೆಂಪು ಲೈಟ್ ಹತ್ತಿ ಎಲ್ಲ ಬಂದ್.

ಶೆಟ್ಟರು ನನ್ನ ಬಾಗಿಲಿಗೆ ಬಂದರು. ನಾನು ಟ್ರಾನ್ಸ್‌ಫಾರ್ಮರ್ ಫ್ಯಾಕ್ಟರಿಯ ಟೆಸ್ಟಿಂಗ್‌ನಲ್ಲಿ ಕೆಲಸ ಮಾಡಿ ನಿವೃತ್ತಿ ತೆಗೆದುಕೊಂಡವಳು. ಹೋದ ವರ್ಷ ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬಳೇ. ನನ್ನ ಬೆಲ್ ಒತ್ತುವವನು ಹಾಲಿನವನೊಬ್ಬನೇ. ಹೀಗಿರುವಾಗ ಯಾರಾದರೂ ಬಂದು “ಮೇಡಂ, ನಿಮಗೆ ಕರೆಂಟಿನದ್ದು ಗೊತ್ತುಂಟಲ್ಲ?” ಎಂದರೆ ಇಲ್ಲ ಅನ್ನಲಾದೀತೇ? ಚಪ್ಪಲಿ ಹಾಕುವುದನ್ನೂ ಮರೆತು ಇಳಿದೆ.

ಮೆಟ್ಟಿಲ ಮೇಲೆ ಸುಶೀಲಕ್ಕ, ಶೆಟ್ಟರ ಹೆಂಡತಿ, ನನ್ನ ಕೈ ಹಿಡಿದು ನಿಲ್ಲಿಸಿದರು.

“ನಿಮಗೆ ಪುಣ್ಯ ಬರ್ತದೆ. ಅದನ್ನು ರಿಪೇರಿ ಮಾಡ್ಬೇಡಿ.”

“ಯಾಕ್ರೀ ಅಕ್ಕಾ?”

“ಮಶೀನು ಹಾಕಿದ್ರೆ ನನ್ನ ಸ್ವರ ಕೇಳ್ತದೆ. ಅದು ಅವರಿಗೆ ಬೇಡ. ಹೋಗಿ ಆ ಡಬ್ಬದ ಹತ್ರ ಕೂತ್ಕೊಳ್ತಾರೆ. ನಾನು ಮನೆಯೊಳಗೆ ಯಾರ ಹತ್ರ ಮಾತಾಡುದು?”

ಕೆಳಗೆ ಶೆಟ್ಟರು ಡಿಕ್ಕಿ ತೆರೆದು ಕಾಯುತ್ತಿದ್ದರು. “ನೋಡ್ತೀನ್ರೀ,” ಎಂದು ಇಳಿದುಬಿಟ್ಟೆ.

ತೊಂದರೆ ದೊಡ್ಡದಲ್ಲ. ಆ ಸಬ್‌ವೂಫರಿನ ಒಳಗೆ ಎರಡು ಕಾಯಿಲ್, ಅಂದರೆ ತಂತಿಯ ಸುರುಳಿ, ಒಂದೊಂದರ ತಡೆ ನಾಲ್ಕು ಓಮ್. ಕೂರಿಸಿದವರು ಎರಡನ್ನೂ ಪಕ್ಕಪಕ್ಕ, ಅಂದರೆ ಪ್ಯಾರಲಲ್ಲಾಗಿ ಜೋಡಿಸಿದ್ದರು. ಆಗ ಒಟ್ಟು ತಡೆ ಎರಡೇ ಓಮ್. ಆಂಪ್ಲಿಫೈಯರಿನ ಮೇಲೆ ನಾಲ್ಕಕ್ಕಿಂತ ಕಡಿಮೆ ಬೇಡ ಎಂದು ಬರೆದೇ ಇತ್ತು. ತಡೆ ಕಡಿಮೆಯಾದರೆ ಕರೆಂಟು ಹೆಚ್ಚು ಹರಿಯುತ್ತದೆ, ಆಂಪ್ಲಿಫೈಯರ್ ಕಾದು ಹೋಗುತ್ತದೆ. ಸುಟ್ಟುಕೊಳ್ಳುವ ಮೊದಲು ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಮೀಟರ್ ಇಟ್ಟರೆ ಎರಡಕ್ಕಿಂತಲೂ ತುಸು ಕಡಿಮೆ ತೋರಿಸಿತು. (ಮೀಟರ್ ತೋರಿಸುವುದು ಬರೀ ತಂತಿಯ ತಡೆ, ಹಾಗಾಗಿ ಯಾವಾಗಲೂ ಸ್ವಲ್ಪ ಕಡಿಮೆಯೇ.)

ಸರಿಯಾಗಿ ನಾಲ್ಕು ಬರಿಸೋಣ ಎಂದರೆ ಈ ಎರಡು ಕಾಯಿಲಿನಲ್ಲಿ ಬರುವುದಿಲ್ಲ. ಒಂದರ ಹಿಂದೊಂದು, ಸೀರೀಸಿನಲ್ಲಿ ಜೋಡಿಸಿದರೆ ಎಂಟು. ಆಂಪ್ಲಿಫೈಯರ್ ತಣ್ಣಗಿರುತ್ತದೆ, ಆದರೆ ಪವರ್ ಕಡಿಮೆಯಾಗುತ್ತದೆ.

“ಶೆಟ್ರ, ಆವಾಜ್ ಸ್ವಲ್ಪ ಕಡಿಮಿ ಆಗ್ತದ್ರಿ!” ಎಂದು ಕೂಗಿದೆ.

“ಆಂ?”

ಫೋನಿನಲ್ಲಿ ಬರೆದು ತೋರಿಸಿದೆ. ಅವರ ಮುಖ ಸಣ್ಣದಾಯಿತು. “ಇನ್ನೂ ಕಡಿಮೆಯಾ?”

ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ತಂತಿ ಬದಲಿಸಿದ ಮೇಲೆ ಆ ಡಬ್ಬವನ್ನು ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಕೂರಿಸಿದೆ, ಅದುರುವ ಮುಖ ಸೀಟಿನ ಕಡೆ ಮಾಡಿ. ಶೆಟ್ಟರನ್ನು ಅವರದೇ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ರೆಕಾರ್ಡಿಂಗ್ ಹಾಕಿದೆ. ಆಮೇಲೆ ಅವರ ಬೆರಳುಗಳು ಮೊಣಕಾಲ ಮೇಲೆ ಅಲುಗತೊಡಗಿದವು. ಹೊರಗೆ ನಿಂತು ಮದ್ದಳೆ ಕೇಳುತ್ತಿದ್ದ ನನಗೂ, ಒಳಗೆ ಕೂತ ಆ ಬೆರಳುಗಳಿಗೂ ಒಂದು ಪೆಟ್ಟಿನ ವ್ಯತ್ಯಾಸವೂ ಇರಲಿಲ್ಲ. ಈ ಸಲ ಅವರು ತಡವಾಗಿರಲಿಲ್ಲ.

ಸಂಜೆಯೊಳಗೆ ಬಿಲ್ಡಿಂಗಿನ ಸೆಕ್ರೆಟರಿ ಬಂದರು. “ಕಾಕಾ, ಆವಾಜ್ ಜರಾ ಕಮೀ ಕರಾ ನಾ!” ಸದ್ದು ಸ್ವಲ್ಪ ಕಡಿಮೆ ಮಾಡಿ ಅಂತ. ಶೆಟ್ಟರು ನಗುತ್ತಾ ನಮಸ್ಕಾರ ಮಾಡಿದರು. ಸೆಕ್ರೆಟರಿಗೆ ಇನ್ನೂ ಸಿಟ್ಟು ಬಂತು.

ಹಾಗಾಗಿ ಭಾನುವಾರ ಭೋರ್ ಕಡೆಗೆ ಹೊರಟೆವು, ಊರಾಚೆ ಯಾರಿಗೂ ತೊಂದರೆ ಇರುವುದಿಲ್ಲ ಎಂದು. ಮತ್ತೆ ಬಂದ್ ಆದರೆ ಇರಲಿ ಎಂದು ನನ್ನನ್ನು ಕರೆದಿದ್ದರು. ಸ್ಟೀರಿಂಗ್ ನನ್ನ ಕೈಯಲ್ಲಿ. ಕಾರು ತೆಗೆಯುವಾಗ ಸುಶೀಲಕ್ಕ ಬಾಗಿಲು ತೆರೆದು, ಯಾರನ್ನೂ ಕೇಳದೆ, ಹಿಂದಿನ ಸೀಟಿನಲ್ಲಿ ಗಂಡನ ಪಕ್ಕ ಹತ್ತಿ ಕೂತರು. ಮುಖ ಕಿಟಕಿಯ ಕಡೆಗೆ.

ಹೆದ್ದಾರಿ ಬಿಟ್ಟು ಭೋರ್ ರಸ್ತೆಯಲ್ಲಿ ಒಂದಷ್ಟು ದೂರ ಹೋಗಿ ಗುಡ್ಡದ ಬದಿಯ ಮರದ ಕೆಳಗೆ ನಿಲ್ಲಿಸಿದೆ. ಮದ್ದಳೆ ಶುರುವಾಯಿತು. ಕನ್ನಡಿಯಲ್ಲಿ ನೋಡಿದರೆ ಶೆಟ್ಟರು ಹೆಂಡತಿಯ ಅಂಗೈಯನ್ನು ಹಿಡಿದು ಸೀಟಿನ ಬೆನ್ನಿಗೆ ಒತ್ತಿ ಹಿಡಿದಿದ್ದಾರೆ. ಸುಶೀಲಕ್ಕ ಏನೋ ಅಂದರು.

“ಆಂ?”

ಅವರು ಮತ್ತೆ ಅಂದರು. ಶೆಟ್ಟರು ಮತ್ತೆ “ಆಂ?” ಎಂದರು. ಈಗ ಬಿಟ್ಟುಬಿಡುತ್ತಾರೆ ಅಂದುಕೊಂಡೆ. ಸುಶೀಲಕ್ಕ ಗಂಡನ ಕಿವಿಗೆ ಬಾಯಿ ಹಚ್ಚಿ, ಇಡೀ ಗುಡ್ಡಕ್ಕೆ ಕೇಳುವ ಹಾಗೆ ಕೂಗಿದರು.

“ನಂಗೆ ಇದ್ ಒಂಚೂರೂ ಇಷ್ಟ ಇಲ್ಲೆ!”

ಶೆಟ್ಟರು ಒಂದು ಗಳಿಗೆ ಅವರ ಮುಖ ನೋಡಿದರು. ಆಮೇಲೆ ಜೋರಾಗಿ ನಕ್ಕುಬಿಟ್ಟರು. “ಗೊತ್ತಿತ್ತ್ ಮಾರಾಯ್ತಿ!” ಎಂದರು. ಸುಶೀಲಕ್ಕನೂ ನಕ್ಕರು, ಸೆರಗಿನಿಂದ ಕಣ್ಣು ಒರೆಸಿಕೊಂಡರು. ಶೆಟ್ಟರು ಜೇಬಿಗೆ ಕೈ ಹಾಕಿ ಮಶೀನು ತೆಗೆದು, ಫೋನಿನಲ್ಲಿ ಮದ್ದಳೆ ನಿಲ್ಲಿಸಿ, ಕಿವಿಗೆ ಹಾಕಿಕೊಂಡರು. “ಈಗ ಹೇಳು. ಇಲ್ಲಿ ಲೋಟ ಬೀಳುದಿಲ್ಲ.”

ನಾನು ಕಾರಿನಿಂದ ಇಳಿದು ರಸ್ತೆಯ ಅಂಚಿನಲ್ಲಿ ನಿಂತೆ. ಫೋನ್ ತೆಗೆದೆ. ಯಾರಿಗೂ ಮಾಡುವುದಿರಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದೆ. ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಇಬ್ಬರೂ ಜಗಳವಾಡುತ್ತಲೇ ಬಂದರು: ಸೊಸೆಯ ವಿಷಯ, ಮೀನಿನ ವಿಷಯ, ಯಾವುದೋ ಮದುವೆಗೆ ಹೋಗದೇ ಇದ್ದದ್ದು. ಅರ್ಧ ಮಾತು ಶೆಟ್ಟರಿಗೆ ಆಗಲೂ ಕೇಳಿಸುತ್ತಿರಲಿಲ್ಲ. ನನಗೆ ಎಲ್ಲವೂ ಕೇಳಿಸುತ್ತಿತ್ತು, ಯಾವುದೂ ನನಗೆ ಹೇಳಿದ್ದಲ್ಲ.

ಮನೆಗೆ ಬಂದು ಬೀಗ ತೆಗೆದೆ. “ಚಹಾ ಮಾಡ್ಲೇನು?” ಎಂದು ಬಾಯಿ ತಪ್ಪಿ ಜೋರಾಗಿಯೇ ಕೇಳಿಬಿಟ್ಟೆ. (ಎರಡು ದಿನ ಕೂಗಿ ಕೂಗಿ ಗಂಟಲಿಗೆ ಅಭ್ಯಾಸವಾಗಿತ್ತು.)

ಕೇಳಿಸಲಿಲ್ಲ ಎನ್ನುವುದಕ್ಕಾದರೂ ಒಬ್ಬರು ಬೇಕಲ್ಲವೇ?