ಟವೆಲ್ಲಿನ ಕೆಳಗೆ ಕೊಟ್ಟ ಮಾತು

ಅವರ ಬಲಗೈ ಎಡಗೈಗಿಂತ ಬೆಳ್ಳಗಿತ್ತು. ರೋಗವಲ್ಲ, ವೃತ್ತಿ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ದಲ್ಲಾಳಿಯಾಗಿದ್ದ ಅವರ ಬಲಗೈ ತನ್ನ ಪ್ರಾಯವನ್ನೆಲ್ಲ ಒಂದು ಟವೆಲ್ಲಿನ ಕೆಳಗೆ ಕಳೆದಿತ್ತು. ಎಡಗೈ ಮಾತ್ರ ಬಿಸಿಲಿನಲ್ಲಿ ನೊಣ ಓಡಿಸುತ್ತ ಕಪ್ಪಗಾಗಿತ್ತು.

ಆ ಕಾಲದಲ್ಲಿ ಗೂಡಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅದು ಹೆಂಗಸು ಗಂಡನ ಹೆಸರು ಹೇಳಿದಷ್ಟೇ ಅಸಭ್ಯ. ದಲ್ಲಾಳಿ ಕೈಗಳ ಮೇಲೆ ಟವೆಲ್ ಹೊದಿಸಿ, ಮಾರುವವನ ಬೆರಳು ಹಿಡಿದು, ಮಡಿಸಿ, ಒತ್ತಿ ಬೆಲೆ ಕೇಳಬೇಕು; ಆಮೇಲೆ ಕೊಳ್ಳುವವನ ಬೆರಳಿನಲ್ಲಿ ಅದನ್ನು ಹೇಳಬೇಕು. ಮೇಲೆ ಮುಖಗಳು ಮಾತ್ರ ಮಗಳ ಬಾಣಂತನದ ವಿಚಾರವನ್ನೋ ಚಿಂತಾಮಣಿಯ ಬಸ್ಸು ತಡವಾದದ್ದನ್ನೋ ಮಾತಾಡಿಕೊಂಡಿರಬೇಕು. ಬೆರಳು ಒತ್ತಿ ಟವೆಲ್ ಎತ್ತಿದರೆ ವ್ಯಾಪಾರ ಮುಗಿಯಿತು. ಆಮೇಲೆ ಹಿಂದೆಗೆದವನಿಗೆ ನಮ್ಮ ಊರಿನಲ್ಲಿ ಯಾರೂ ನೀರು ಕೊಡುತ್ತಿರಲಿಲ್ಲ.

"ಬಾಯಿ ಸುಳ್ಳು ಹೇಳ್ತೈತೆ ಕಣಪ್ಪ, ಬೆರಳು ಹೇಳಲ್ಲ" ಎಂಬುದು ಅವರ ಧರ್ಮಶಾಸ್ತ್ರದ ಮೊದಲನೆಯ ಹಾಗೂ ಕೊನೆಯ ಸೂತ್ರ. ಬೀದಿಯವರೆಲ್ಲ ಅವರನ್ನು ಮಾವ ಎನ್ನುತ್ತಿದ್ದೆವು. ಸಂಬಂಧವೇನೂ ಇರಲಿಲ್ಲ, ಅಷ್ಟು ಮೆತ್ತಗೆ ಮಾತಾಡುವವರನ್ನು ಬೇರೇನೆಂದು ಕರೆಯುವುದು?

ಇಂಥವರು ವಿಧಾನಸಭೆಗೆ ನಿಲ್ಲಲು ಕಾರಣ ಒಬ್ಬ ಹೆಂಗಸು. ಹಳ್ಳಿಗಳಲ್ಲಿ ಬಡವರ ಗೂಡನ್ನೆಲ್ಲ ಊರ ಪಟೇಲರೇ ಗಾಡಿಗೆ ಹಾಕಿಕೊಂಡು ತಂದು ಮಾರುತ್ತಿದ್ದರು. ಟವೆಲ್ಲಿನ ಕೆಳಗೆ ಏನು ಬೆಲೆಯಾಯಿತೆಂದು ಬೆಳೆದವರಿಗೆ ತಿಳಿಯುತ್ತಿರಲಿಲ್ಲ. ಪಟೇಲರು ಹೇಳಿದ್ದೇ ಬೆಲೆ. ಒಂದು ದಿನ ಹಾಗೆ ಗೂಡು ಕೊಟ್ಟಿದ್ದ ಹೆಂಗಸು ನಡೆದೇ ಬಂದು ಮಾವನ ಎದುರು ನಿಂತಳು.

"ಅಣ್ಣಾ, ಆ ಬೆರಳು ಹಿಡಿದೋನು ನೀನೇ ಅಂತೆ. ನನ್ನ ಗೂಡಿಗೆ ಎಷ್ಟಾಯ್ತು ಹೇಳು."

"ಹೇಳಂಗಿಲ್ಲಮ್ಮ. ಕಸುಬು."

"ಹುಳಕ್ಕೆ ಸೊಪ್ಪು ಹಾಕಿದೋಳಿಗೆ ಹೇಳಂಗಿಲ್ಲ, ಹೊತ್ಕೊಂಡು ಬಂದೋನಿಗೆ ಹೇಳ್ಬೋದಾ? ಏಮಿ ನ್ಯಾಯಮಪ್ಪಾ ಇದಿ?" ಇದು ಯಾವ ನ್ಯಾಯವೆಂದು ಕೊನೆಗೆ ತೆಲುಗಿನಲ್ಲೇ ಕೇಳಿದಳು.

ಮಾವ ಆ ವಾರ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಒಂದು ಚಿಕ್ಕ ಪಕ್ಷದ ಅಭ್ಯರ್ಥಿಯಾದರು. ಅದು ಎಷ್ಟು ಚಿಕ್ಕದೆಂದರೆ, ಇಡೀ ಮೈಸೂರು ರಾಜ್ಯದ ಅದರ ಕಾರ್ಯಕರ್ತರೆಲ್ಲ ಒಂದೇ ಬಸ್ಸಿನಲ್ಲಿ ಬರಬಹುದಾಗಿತ್ತು, ಕಂಡಕ್ಟರಿಗೂ ಜಾಗ ಉಳಿಯುತ್ತಿತ್ತು. ಪಕ್ಷಕ್ಕೆ ದೇಶೋದ್ಧಾರದ ದೊಡ್ಡ ಪ್ರಣಾಳಿಕೆಯಿತ್ತು. ಮಾವನಿಗೆ ಒಂದೇ ವಾಕ್ಯ: ಸರ್ಕಾರ ಗೂಡಿನ ಮಾರುಕಟ್ಟೆ ಕಟ್ಟಬೇಕು, ಬೆಲೆಯನ್ನು ಎಲ್ಲರ ಎದುರಿಗೆ ಕೂಗಿ ಹೇಳಬೇಕು. ಅಂದರೆ ತಮ್ಮ ಕಸುಬನ್ನು ತಾವೇ ಮುಚ್ಚಿಸುವುದಾಗಿ ಹೇಳಿಕೊಂಡು ಅವರು ಮತ ಕೇಳಲು ಹೊರಟಿದ್ದರು. ಚುನಾವಣೆಯ ಗುರುತಾಗಿ ತಕ್ಕಡಿ ಸಿಕ್ಕಿತು. ದೇವರೇ ಕೊಡಿಸಿದನೆಂದರು.

ಒಂದೇ ತೊಂದರೆ. ಬೆಲೆ ಕೂಗಬೇಕೆಂದು ಹೇಳಲು ಹೊರಟವರಿಗೆ ಕೂಗಲು ಬರುತ್ತಿರಲಿಲ್ಲ. ಮಂಚೇನಹಳ್ಳಿಯಲ್ಲಿ ನಡೆದ ಪಕ್ಷದ ಸಭೆಯಲ್ಲಿ ಅವರ ಚೊಚ್ಚಲ ಭಾಷಣವನ್ನು ವೇದಿಕೆಯ ಮೇಲಿದ್ದವರು ಮಾತ್ರ ಕೇಳಿ ಧನ್ಯರಾದರು. ಆಗ ನಾನು ಇಂಟರ್‌ಮೀಡಿಯೆಟ್ ಫೇಲಾಗಿ, ಊರಿನ ಜಗಲಿಗಳನ್ನು ಒಂದೊಂದಾಗಿ ಸವೆಸುತ್ತಿದ್ದ ತರುಣ. ಮಾವ ನನ್ನ ಕೈಗೆ ಒಂದು ತಗಡಿನ ತುತ್ತೂರಿ ಕೊಟ್ಟು, "ನಾನು ಹೇಳಿದ್ದನ್ನ ನೀನು ಕೂಗಪ್ಪ" ಎಂದರು. ಅವರು ಪಿಸುಗುಟ್ಟುವುದು, ನಾನು ಗರ್ಜಿಸುವುದು. ಮುಂದೆ ಮೇಷ್ಟರಾಗಿ ನಾನು ಅನ್ನ ತಿಂದದ್ದು ಆ ಗಂಟಲಿನಿಂದ. ಅದನ್ನು ನನಗೆ ಕಂಡುಹಿಡಿದು ಕೊಟ್ಟವರು ಅವರು.

ಮಾವನ ಒಬ್ಬಳೇ ಮಗಳನ್ನು ಹತ್ತಿರದ ಹಳ್ಳಿಯೊಂದರ ಪಟೇಲರ ಮನೆಗೆ ಕೊಟ್ಟಿತ್ತು. ಸುತ್ತಿನ ಹಿಪ್ಪುನೇರಳೆ ತೋಟದವರೆಲ್ಲ ಆ ಬೀಗರು ಹೇಳಿದಂತೆ ನಡೆಯುವವರು. ಅವರ ಗೂಡೂ ಬೀಗರ ಗಾಡಿಯಲ್ಲೇ ಬರುತ್ತಿತ್ತು. ಆ ಹೆಂಗಸಿನ ಗೂಡು ಬಂದದ್ದೂ ಅದರಲ್ಲೇ. ಮಾವನಿಗೆ ಇದೆಲ್ಲ ಗೊತ್ತಿತ್ತು. ಆದರೂ ಮತ ಕೇಳಲು ಅವರ ಜಗಲಿಗೇ ಹೋದರು. ಜೊತೆಗೆ ನಾನೂ ಇದ್ದೆ.

"ಏನ್ ಬೀಗರೇ, ನಮ್ಮ ಗಾಡಿ ಚಕ್ರಾನೇ ಬಿಚ್ಚಕ್ಕೆ ಹೊಂಟಿದ್ದೀರಂತಲ್ಲ?" ಎಂದು ಪಟೇಲರು ನಕ್ಕರು.

"ಚಕ್ರ ಇರ್ಲಿ ಬಿಡಿ. ಗಾಡೀಲಿರೋದು ಯಾರದ್ದು ಅಂತ ಗೊತ್ತಾದ್ರೆ ಸಾಕು."

"ಭಲೆ! ನಿಮ್ಮಂಥೋರೇ ಗೆಲ್ಬೇಕು. ತಗೊಳ್ಳಿ ಕೈ."

ಮಾವ ಹೆಗಲಿನಿಂದ ಟವೆಲ್ ತೆಗೆದು ಹೊದಿಸಿದರು. ಊರಿನ ಹಿರಿಯರೆಲ್ಲ ನೋಡುತ್ತಿದ್ದರು. ಕೆಳಗೆ ಕೈಗಳು ಅಲುಗಾಡಿದವು, ಮೇಲೆ ಪಟೇಲರು ಸೊಸೆ ಮಾಡಿದ ಒಬ್ಬಟ್ಟನ್ನು ಹೊಗಳಿದರು. ಟವೆಲ್ ಎತ್ತಿದಾಗ ಮಾವನ ಮುಖ ಗೆದ್ದ ಅಭ್ಯರ್ಥಿಯದಾಗಿತ್ತು.

ದಾರಿಯಲ್ಲಿ, "ಐದೂ ಬೆರಳು ಕೊಟ್ರು ಕಣಪ್ಪ. ಪೂರಾ ಊರು" ಎಂದರು.

"ಬಾಯಲ್ಲೂ ಒಂದು ಮಾತು ಹೇಳಿಸ್ಬೋದಾಗಿತ್ತು ಮಾವ."

"ಛೆ! ಬೆರಳು ಕೊಟ್ಟ ಮೇಲೆ ಬಾಯಿ ಕೇಳೋದು ಮರ್ಯಾದೆನಾ?"

ಬೆಲೆಯನ್ನು ಬಹಿರಂಗವಾಗಿ ಕೂಗಬೇಕೆಂದು ಊರೂರು ಸುತ್ತಿದ ಮಹಾಶಯರು ತಮ್ಮ ವಿಷಯ ಬಂದಾಗ ಟವೆಲ್ಲನ್ನೇ ನಂಬಿದರು.

ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮತಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಗುರುತಿನ ಚಿತ್ರ. ಮತದಾರ ಪರದೆಯ ಹಿಂದೆ ಹೋಗಿ ತನಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು. ಎಣಿಕೆಯ ದಿನ ನಾನು ಮಾವನ ಏಜೆಂಟಾಗಿ ಅವರ ಪಕ್ಕದಲ್ಲೇ ನಿಂತಿದ್ದೆ. ಬೀಗರ ಊರಿನ ತಕ್ಕಡಿ ಪೆಟ್ಟಿಗೆ ಬಂತು. ಚಿತ್ರದ ಮೇಲೆ ಅರಿಶಿನ, ಕುಂಕುಮ. ಮಾವ ಎದೆಯುಬ್ಬಿಸಿದರು. ಅಧಿಕಾರಿಗಳು ಬಿಚ್ಚಿ ಮೇಜಿನ ಮೇಲೆ ಸುರಿದರು. ಸೇವಂತಿಗೆಯ ಎಸಳು ಬಿತ್ತು, ಅಕ್ಷತೆ ಬಿತ್ತು, ಮಡಿಸಿದ ಹಿಪ್ಪುನೇರಳೆ ಎಲೆ ಬಿತ್ತು. ಚೀಟಿಗಳು ಮಾತ್ರ ಒಂದು ಕೈಯ ಬೆರಳಿಗೆ ಸಾಲದಷ್ಟು. ಎದುರಾಳಿಯ ಪೆಟ್ಟಿಗೆಯಲ್ಲಿ ಹೂವಿರಲಿಲ್ಲ. ಬರೀ ಚೀಟಿ, ತುಂಬಿ ತುಳುಕುವಷ್ಟು.

ಅಧಿಕಾರಿಯೊಬ್ಬರು, "ಇದೇನ್ರೀ, ಓಟೋ ಪೂಜೆಯೋ?" ಎಂದರು. ಎಲ್ಲರೂ ನಕ್ಕರು. ಮಾವ ಆ ಎಲೆಯನ್ನು ತೆಗೆದು ಜೇಬಿಗೆ ಹಾಕಿಕೊಂಡರು.

ಮುಂದಿನ ಸಂತೆಯಲ್ಲಿ ಆ ಊರಿನ ಒಬ್ಬ ರೈತ ಎದುರಾಗಿ, ಯಾವ ಮುಚ್ಚುಮರೆಯೂ ಇಲ್ಲದೆ ವಿಷಯ ತಿಳಿಸಿದ: "ನಿಮ್ಮ ಮೇಲೆ ಭಕ್ತಿ ಐತೆ ಸಾಮಿ, ಅದ್ಕೇ ಹೂ ಹಾಕಿದ್ವಿ. ಚೀಟಿ ಪಟೇಲ್ರು ಹೇಳಿದ್ಕೆ ಹಾಕಿದ್ವಿ. ತಕ್ಕಡಿ ಗೆದ್ರೆ ಸರ್ಕಾರದೋರು ಮನೆಮನೆಗೂ ಬಂದು ಗೂಡು ತೂಗಿ ಕಂದಾಯ ಹಾಕ್ತಾರಂತಲ್ಲ?"

ಯಾರು ಹೇಳಿದರೆಂದು ಮಾವ ಕೇಳಲಿಲ್ಲ.

ಯುಗಾದಿಗೆ ಮಗಳು ತವರಿಗೆ ಬಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಪ್ಪಾ, ಆ ಚೀಟೀಲಿ ಒಂದು ನಂದು" ಎಂದಳು. ಮಾವ ತಲೆಯಾಡಿಸಿದರು. ಆ ಮನೆಯಲ್ಲಿ ಬಾಳಬೇಕಾದವಳು ಅವಳು. ಹಾಗಾಗಿ ಅವರು ಬೀಗರೊಂದಿಗೆ ಜಗಳವಾಡಲಿಲ್ಲ, ಮಾತು ಬಿಡಲಿಲ್ಲ, ಹಬ್ಬದೂಟ ತಪ್ಪಿಸಲಿಲ್ಲ. ಆ ಪಟೇಲರೋ, ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತು, "ರಾಜಕೀಯ ಬೇರೆ, ಸಂಬಂಧ ಬೇರೆ ಬೀಗರೇ. ಇನ್ನೊಂದು ಒಬ್ಬಟ್ಟು ಹಾಕಿಸ್ಕೊಳ್ಳಿ" ಎಂದು ಉಪಚರಿಸಿದರು. ಮಾವ ಹಾಕಿಸಿಕೊಂಡರು. ಆದರೆ ಆ ದಿನದಿಂದ ಅವರು ಯಾರ ಕೈಯ ಮೇಲೂ ಟವೆಲ್ ಹೊದಿಸಲಿಲ್ಲ. ದಲ್ಲಾಳಿ ಕಸುಬು ಬಿಟ್ಟು, ಬಸ್ ನಿಲ್ದಾಣದ ಬಳಿ ಹುಳ ಗೂಡು ಕಟ್ಟಲು ಬಿಡುವ ಬಿದಿರ ಚಂದ್ರಿಕೆ ಮಾರುವ ಅಂಗಡಿಯಿಟ್ಟರು.

ಕೆಲವು ವರ್ಷಗಳಲ್ಲಿ ಸರ್ಕಾರ ತಾನಾಗಿಯೇ ಗೂಡಿನ ಮಾರುಕಟ್ಟೆ ತೆರೆಯಿತು. ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು, ಬಹಿರಂಗ ಹರಾಜಿನ ಮಹಿಮೆಯನ್ನು ಕೊಂಡಾಡಿದವರು ಆ ಬೀಗರೇ ಎಂದು ಬೇರೆ ಹೇಳಬೇಕೆ? ಮಾವ ಹಿಂದೆ, ತಕ್ಕಡಿಯ ಪಕ್ಕ ನಿಂತಿದ್ದರು. ಮೊದಲ ಬೆಲೆ ಕೂಗಿದಾಗ ಕಣ್ಣು ಮುಚ್ಚಿಕೊಂಡು ಕೇಳಿದರು.

"ನೀವು ಹೇಳಿದ್ದೇ ಆಯ್ತಲ್ಲ ಮಾವ" ಎಂದೆ.

"ಆಯ್ತು. ಕೂಗೋನ ಗಂಟಲು ನಿನ್ನಷ್ಟು ಚೆನ್ನಾಗಿಲ್ಲ."

ತೀರಿಕೊಳ್ಳುವ ಮುಂಚೆ ಲಕ್ವ ಹೊಡೆದು ಅವರ ಮಾತು ನಿಂತಿತ್ತು. ಬಲಗೈಗೆ ಮಾತ್ರ ಇನ್ನೂ ಜೀವವಿತ್ತು. ಒಂದು ಬೆಳಿಗ್ಗೆ ಬೀಗರು ನೋಡಲು ಬಂದರು. ವಯಸ್ಸಾಗಿತ್ತು, ಕಣ್ಣು ಒದ್ದೆಯಾಗಿತ್ತು. ನಾಟಕವೆಂದು ನಾನು ಹೇಳಲಾರೆ. ಮಂಚದ ಪಕ್ಕ ಕೂತು, ಹಳೆಯ ವಾಡಿಕೆಯಂತೆ ತಮ್ಮ ಕೈಯನ್ನು ಮೆಲ್ಲಗೆ ಕಂಬಳಿಯ ಕೆಳಗೆ ತೂರಿಸಿ, "ಬೀಗರೇ, ಬೆರಳಲ್ಲಾದರೂ ಒಂದು ಮಾತು ಹೇಳಿ" ಎಂದರು.

ಮಾವ ತಮ್ಮ ಬೆಳ್ಳನೆಯ ಬಲಗೈಯನ್ನು ಕಷ್ಟಪಟ್ಟು ಹೊರಕ್ಕೆಳೆದು, ಮಗಳು, ನಾನು, ಬಾಗಿಲಲ್ಲಿದ್ದ ನೆರೆಯವರು ಎಲ್ಲ ಕಾಣುವಂತೆ, ಕಂಬಳಿಯ ಮೇಲೆ ಐದೂ ಬೆರಳು ಬಿಡಿಸಿ ಇಟ್ಟರು.

ಬೀಗರ ಕೈ ಮಾತ್ರ ಇನ್ನೂ ಕಂಬಳಿಯ ಕೆಳಗೇ ಇತ್ತು.