ಕಾಲುವೆ ನೀರಿನ ಚೌಕಾಸಿ

ಲಾಗೆಕೋಗ್ ಊರಿನಲ್ಲಿ ಯಾರೂ ಜಗಳವಾಡುವುದಿಲ್ಲ, ಸಭೆ ಸೇರುತ್ತಾರೆ. ಸಮುದ್ರಕ್ಕಿಂತ ಮೂರು ಮೀಟರ್ ಕೆಳಗೆ ಕೂತವರು ಹೊಡೆದಾಡಿಕೊಂಡರೆ ನೀರು ಹೊರಹಾಕುವ ಪಂಪು ನಡೆಸುವವರು ಯಾರು? ಹಾಗಾಗಿ ಒಬ್ಬ ಹತ್ತು ಅಂದರೆ ಇನ್ನೊಬ್ಬ ಎರಡು ಅನ್ನುತ್ತಾನೆ, ಇಬ್ಬರೂ ಆರಕ್ಕೆ ಬಂದು ಕಾಫಿ ಕುಡಿಯುತ್ತಾರೆ. ಕಾಫಿಗೆ ಒಂದೇ ಬಿಸ್ಕತ್ತು. ಎರಡನೆಯದಕ್ಕೆ ಕೈ ಹಾಕಿದವನ ಹೆಸರು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಏರಿಯ ಎತ್ತರ, ಚರ್ಚಿನ ಗಂಟೆಯ ಹೊತ್ತು, ಹಸು ಹೋಗುವ ದಾರಿ, ಎಲ್ಲವೂ ಹೀಗೇ ತೀರ್ಮಾನವಾದದ್ದು. ಒಳ್ಳೆಯ ಪದ್ಧತಿಯೇ, ಇಲ್ಲವೆನ್ನುವುದಿಲ್ಲ. ಆದರೆ ಆ ವರ್ಷದ ಮೇ ತಿಂಗಳಲ್ಲಿ ಈ ಮಹಾನುಭಾವರು ನೀರಿನೊಳಗಿನ ವಿಷವನ್ನೂ ಚೌಕಾಸಿಗೆ ತಂದರು ನೋಡಿ, ಆಗ ರಿನ್ಸ್ಕೆಯ ಪಿತ್ತ ನೆತ್ತಿಗೇರಿತು.

ರಿನ್ಸ್ಕೆ ನೀರು ಮಂಡಳಿಯಲ್ಲಿ ಪರೀಕ್ಷೆಗೆ ನೀರು ಹಿಡಿಯುವ ಕೆಲಸದವಳು. ಇಪ್ಪತ್ತೇಳು ವರ್ಷದಿಂದ ಉದ್ದ ಕೋಲಿನ ತುದಿಗೆ ಬಾಟಲಿ ಕಟ್ಟಿಕೊಂಡು ಕಾಲುವೆ ಕಾಲುವೆ ಅಲೆದವಳು. ಮೊದಲೊಬ್ಬ ಗಂಡನಿದ್ದ. ಗುಡ್ಡ ಇರುವ ದೇಶ ನೋಡಬೇಕು ಎಂದು ಹೋದವನು ಅಲ್ಲೇ ಉಳಿದ. ಅವಳಿಗೆ ಅದರ ಬೇಸರವೂ ಹೆಚ್ಚು ದಿನ ಇರಲಿಲ್ಲ, ಏಕೆಂದರೆ ಸೋಮವಾರ ಹದಿನಾಲ್ಕನೇ ಕಾಲುವೆಗೆ ಹೋಗಬೇಕಿತ್ತು. ಈಗ ಎಪ್ಪತ್ತೊಂಬತ್ತು ದಾಟಿದ ತಾಯಿ ಹಿಲೆಗೊಂಡಾ ಜೊತೆಗಿದ್ದಾಳೆ. ಆ ತಾಯಿ ಬುದ್ಧಿ ತಿಳಿದಾಗಿನಿಂದ ಬೇಸಿಗೆ ಬೆಳಗ್ಗೆ ಊರ ಕೆರೆಯಲ್ಲಿ ಈಜಿದವಳು.

ಆ ವಸಂತ ಮಳೆಯೇ ಬರಲಿಲ್ಲ. ಕೆರೆ ಬತ್ತಿ ಮೊಣಕಾಲುದ್ದ ಕೆಸರಾಯಿತು. ನೀರು ತರುವುದಾದರೆ ಹದಿನಾಲ್ಕನೇ ಕಾಲುವೆಯ ತೂಬು ಎತ್ತಬೇಕು, ಬೇರೆ ದಾರಿಯಿಲ್ಲ. ಆ ಕಾಲುವೆ ಸೀವರ್ಟನ ಲಿಲ್ಲಿ ಹೊಲದ ಪಕ್ಕದಲ್ಲೇ ಹರಿಯುತ್ತದೆ. ಲಿಲ್ಲಿ ಗೆಡ್ಡೆಗೆ ಅವನು ವಾರಕ್ಕೊಮ್ಮೆ ಔಷಧಿ ಹೊಡೆಯುತ್ತಾನೆ. ನೀರಿನಲ್ಲಿ ಆ ಔಷಧಿ ಮಂಡಳಿಯ ಅಳತೆಯಲ್ಲಿ ಹತ್ತರವರೆಗೆ ಇದ್ದರೆ ತೂಬು ಎತ್ತಬಹುದು. ರಿನ್ಸ್ಕೆಯ ಬಾಟಲಿಯಲ್ಲಿ ಸಿಕ್ಕಿದ್ದು ನಲವತ್ತಾರು.

ಸಭೆ ಕರೆದರು. ಮಂಡಳಿಯ ಮುಖ್ಯಸ್ಥ ಬೌದವೈನ್‌ರನ್ನು ಊರವರು ಏರಿಯ ಯಜಮಾನರೆಂದೇ ಕರೆಯುವುದು. ಅವರು ಕನ್ನಡಕ ಒರೆಸಿಕೊಂಡು ಸೀವರ್ಟನ ಕಡೆ ನೋಡಿದರು.

"ನಾನು ಹೊಡಿಯೋದು ಗೆಡ್ಡೆಗೆ, ನೀರಿಗಲ್ಲ," ಅಂದ ಸೀವರ್ಟ್. "ಹಂಗಾಗಿ ನೀರಲ್ಲಿ ಸೊನ್ನೆ."

"ಅದು ಔಷಧಿಗೆ ಗೊತ್ತಿಲ್ವಲ್ಲ ಸೀವರ್ಟ್," ಅಂದಳು ರಿನ್ಸ್ಕೆ.

"ನೋಡಿ, ನಲವತ್ತಾರು ಒಂದು ಅಭಿಪ್ರಾಯ, ಸೊನ್ನೆ ಒಂದು ಅಭಿಪ್ರಾಯ," ಅಂದರು ಯಜಮಾನರು. "ಇಬ್ಬರಿಗೂ ನೋವಾಗ್ದಂಗೆ ಇಪ್ಪತ್ಮೂರು ಮಾಡೋಣ್ವಾ?"

ಈಜುಗಾರರ ಸಂಘದ ಪರವಾಗಿ ಕೂತಿದ್ದ ಹಿಲೆಗೊಂಡಾ ಕೈ ಎತ್ತಿದಳು. "ಇಪ್ಪತ್ಮೂರಕ್ಕೆ ತೂಬು ಎತ್ತಲ್ಲ ನೀವು. ಹತ್ತು ಮಾಡಿ, ಮುಗಿದೋಗ್ಲಿ."

"ಅಮ್ಮಾ, ಇದೇನು ಮೀನಿನ ಸಂತೆನಾ?"

"ನೀನು ಸುಮ್ನಿರೇ. ಇಪ್ಪತ್ತೇಳು ವರ್ಷ ಊರ ನೀರೆಲ್ಲ ಬಾಟ್ಲಿಗೆ ತುಂಬ್ಕೊಂಡು ಹೋದೆ, ನಿಮ್ಮಮ್ಮಂಗೆ ಒಂದು ಕೆರೆ ನೀರು ಕೊಡಕ್ಕಾಗಲ್ವಾ?"

ಹತ್ತಕ್ಕೆ ಎಲ್ಲರೂ ತಲೆಯಾಡಿಸಿದರು. ಸ್ವಂತ ತಾಯಿಯೇ ವಿಷದ ಪರ ಕೂತರೆ ಮಗಳು ಯಾರ ಮುಂದೆ ಹೇಳಿಕೊಳ್ಳಬೇಕು? ನೌಕರಳಾದ್ದರಿಂದ ರಿನ್ಸ್ಕೆಗೆ ಮತ ಇಲ್ಲ. ಸಿಟ್ಟಿನಲ್ಲಿ ಅವಳು ಕಾಲುವೆ ನೀರಿನ ಬಾಟಲಿಯನ್ನು ತಂದು ಖಾಲಿ ಕುರ್ಚಿಯ ಮೇಲೆ ಕುಕ್ಕಿದಳು.

"ಸಂಬಂಧಪಟ್ಟೋರು ಎಲ್ಲ ಒಪ್ಪಬೇಕು ಅನ್ನೋದೇ ತಾನೇ ನಿಮ್ಮ ನಿಯಮ? ನೀರನ್ನ ಕೇಳಿದ್ರಾ?"

ಯಾರೂ ನಗಲಿಲ್ಲ. ನಿಯಮವೆಂದರೆ ನಿಯಮ. ಯಜಮಾನರು ಒಂದು ಚೀಟಿಯಲ್ಲಿ 'ನೀರು' ಎಂದು ಬರೆದು ಬಾಟಲಿಯ ಮುಂದಿಟ್ಟರು, ಅದಕ್ಕೂ ಒಂದು ಕಾಫಿ, ಒಂದು ಬಿಸ್ಕತ್ತು ಬಂತು. ಆಮೇಲೆ ಬಗ್ಗಿ, "ಹತ್ತು ಅಂತ ಆಗಿದೆ, ತಮ್ಮದೇನಾದರೂ ತಕರಾರು?" ಎಂದು ಕೇಳಿ ಎರಡು ನಿಮಿಷ ಕಾದರು.

"ಮೌನ ಸಮ್ಮತಿ ಲಕ್ಷಣ," ಅಂದ ಸೀವರ್ಟ್.

ಹೀಗೆ ನೀರೂ ಒಪ್ಪಿತು. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ ರಿನ್ಸ್ಕೆ ಮೂರು ದಿನ ತಾಯಿಯೊಡನೆ ಮಾತಾಡಲಿಲ್ಲ.

ಸೋಮವಾರ ಬೆಳಗ್ಗೆ ಎಂಟಕ್ಕೆ ತೂಬಿನ ಹತ್ತಿರ ಊರು ಸೇರಿತು. ಹಿಲೆಗೊಂಡಾ ಈಜುಡುಗೆಯ ಮೇಲೆ ಟವೆಲ್ ಹೊದ್ದು ಎಲ್ಲರಿಗಿಂತ ಮುಂದೆ ನಿಂತಿದ್ದಳು. ತೂಬು ಎತ್ತುವ ಚಕ್ರದ ಮೇಲೆ ರಿನ್ಸ್ಕೆ ಕೂತಿದ್ದಳು. ಅಳತೆ ಬರೆದ ಕಾಗದಕ್ಕೆ ನೀರು ಹಿಡಿದವಳ ಸಹಿ ಬೇಕು, ಹತ್ತು ಎಂದಿರುವುದಕ್ಕೆ ಅವಳು ಹಾಕುವುದಿಲ್ಲ.

"ಇಳೀಮ್ಮಾ," ಅಂದರು ಯಜಮಾನರು.

"ಇಳಿಯಲ್ಲ."

ಬೇರೆ ಕಡೆಯಾಗಿದ್ದರೆ ಎಳೆದು ಹಾಕುತ್ತಿದ್ದರು. ಇಲ್ಲಿ ಕುರ್ಚಿ ತಂದರು. ಚಕ್ರದ ಸುತ್ತ ದುಂಡಗೆ ಕೂತು ಸಭೆ ಮತ್ತೆ ಶುರುವಾಯಿತು, ಫ್ಲಾಸ್ಕಿನಲ್ಲಿ ಕಾಫಿಯೂ ಬಂತು. ಒಂಬತ್ತಾಯಿತು, ಹತ್ತಾಯಿತು. ಏರಿಯ ಮೇಲಿನ ಗಾಳಿಗೆ ಹಿಲೆಗೊಂಡಾಳ ತುಟಿ ನೀಲಿಗಟ್ಟಿತು. ಅವಳು ಎದ್ದು ಚಕ್ರದ ಹತ್ತಿರ ಬಂದಳು.

"ನಿಜ ಹೇಳು. ಎಷ್ಟಿದೆ?"

"ನಲವತ್ತಾರು."

"ಈಜಿದ್ರೆ ಏನಾಗುತ್ತೆ?"

"ಇವತ್ತು ಏನೂ ಆಗಲ್ಲ. ಆಮೇಲಿಂದು ನಂಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ." ರಿನ್ಸ್ಕೆ ಚಕ್ರವನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. "ನಂಗೆ ಭಯ ಆಗುತ್ತಮ್ಮ. ನೀನು ಬಿಟ್ರೆ ನಂಗ್ಯಾರಿದ್ದಾರೆ?"

ಹಿಲೆಗೊಂಡಾ ಸಭೆಯ ಕಡೆ ತಿರುಗಿದಳು. "ನಾನು ಹತ್ತಕ್ಕೆ ಒಪ್ಪಿದ್ದೆ. ಈಗ ಒಪ್ಪಲ್ಲ. ನಲವತ್ತಾರು."

"ಅದು ತೀರಾ ಜಾಸ್ತಿ ಆಯ್ತು ಹಿಲೆಗೊಂಡಮ್ಮ," ಅಂದ ಸೀವರ್ಟ್. "ನಲವತ್ನಾಲ್ಕು."

ಬಾಯಿಂದ ಬಂದ ಮೇಲೆ, ತನ್ನ ಸೊನ್ನೆ ಕೈತಪ್ಪಿತೆಂದು ಅವನಿಗೆ ಹೊಳೆಯಿತು. ಅಜ್ಜನ ಕಾಲದಿಂದ ಬಂದ ಅಭ್ಯಾಸ, ಎದುರಿನವರು ಒಂದು ಸಂಖ್ಯೆ ಹೇಳಿದರೆ ಹತ್ತಿರದ ಇನ್ನೊಂದು ಹೇಳಲೇಬೇಕು, ನಾಲಿಗೆ ಕೇಳುವುದಿಲ್ಲ. ಅಷ್ಟರಲ್ಲಿ ಯಜಮಾನರು ಖುಷಿಯಿಂದ ಬರೆದಾಗಿತ್ತು.

"ನಲವತ್ತೈದು. ಎಲ್ಲರಿಗೂ ಒಪ್ಪಿಗೆ ತಾನೇ?"

ಎಲ್ಲರೂ ತಲೆಯಾಡಿಸಿದರು. ಬೇರೆ ದಾರಿ ಕಾಣದೆ ಸೀವರ್ಟನೂ ಆಡಿಸಿದ. ತೂಬು ಏಳುವಂತಿರಲಿಲ್ಲ. ನಿಜಕ್ಕೆ ಒಂದು ಕಮ್ಮಿಯಿತ್ತು, ಆದರೂ ರಿನ್ಸ್ಕೆ ಸಹಿ ಹಾಕಿ ಚಕ್ರದಿಂದ ಇಳಿದಳು. ಕುರ್ಚಿ ಮಡಚಿಕೊಂಡು ಜನ ಹೊರಟರು.

ತಾಯಿ ಮಾತ್ರ ಬತ್ತಿದ ಕೆರೆಯನ್ನು ನೋಡುತ್ತ ನಿಂತಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಈ ಬೇಸಿಗೆ ಹೋಯ್ತು ಬಿಡು," ಅಂದಳು. "ಇನ್ನೆಷ್ಟು ಬೇಸಿಗೆ ಇದೆಯೋ ನಂಗೆ. ಒಂದು ಸಿಕ್ಕಿದ್ರೆ ದೊಡ್ಡದು."

ಜೀವಮಾನದಲ್ಲಿ ಎಂದೂ ಚೌಕಾಸಿ ಮಾಡದ ರಿನ್ಸ್ಕೆ ತಾಯಿಯ ತಣ್ಣಗಾದ ಕೈ ಹಿಡಿದುಕೊಂಡಳು.

"ಇಪ್ಪತ್ತು," ಅಂದಳು.