ನಕ್ಷೆಯಲ್ಲಿ ಹಿಗ್ಗಿದ ನಾಲ್ಕು ಗುಂಟೆ

ಈ ಮೂಲಕ ಓದುಗರ ಗಮನಕ್ಕೆ ತರಬಯಸುವುದೇನೆಂದರೆ, ಮೂರು ವರ್ಷಗಳ ಹಿಂದೆ ನಾನು ಬಂಗಾರಪೇಟೆಯಲ್ಲಿ ಪರವಾನಗಿ ಪಡೆದ ಭೂಮಾಪಕನಾಗಿ ಕಾರ್ಯನಿರ್ವಹಿಸುತ್ತಿದ್ದಾಗ, ಚಿನ್ನದ ಗಣಿ ಪ್ರದೇಶದ ಮೈಸೂರು ಮೈನ್ಸ್ ಆಚೆಯ ಹಳ್ಳಿಯೊಂದರಿಂದ ವೆಂಕಟಮ್ಮ ಎಂಬುವರು ನನ್ನನ್ನು ಕರೆಸಿಕೊಂಡರು. ಅವರ ಹೊಲ ಎರಡು ಎಕರೆ. ಪಕ್ಕದ ಅಷ್ಟೇ ವಿಸ್ತೀರ್ಣದ ಹೊಲ ಮೈದುನ ರಾಜಪ್ಪನದು. ಸದರಿ ಹೊಲಗಳ ನಡುವಿನ ಬಾಂದು ಕಲ್ಲಿಗೆ, ಅಂದರೆ ಗಡಿಕಲ್ಲಿಗೆ, ಬಿತ್ತನೆಗೆ ಮುನ್ನ ಇಬ್ಬರೂ ಕೂಡಿ ಅರಿಸಿನ ಕುಂಕುಮ ಇಡುವುದು ವಾಡಿಕೆ. ಆ ವರ್ಷ ಕಲ್ಲು ಬೋಳಾಗಿತ್ತು.

ರಾಜಪ್ಪ ರಾಬರ್ಟ್‌ಸನ್‌ಪೇಟೆಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಉಪಗ್ರಹ ಚಿತ್ರದ ಮೇಲೆ ಅತ್ತಿಗೆಯ ಹೊಲದ ಗಡಿ ಗುರುತಿಸಿ ಅಳೆಸಿದ್ದ. ಲೆಕ್ಕ ಎರಡು ಎಕರೆ ನಾಲ್ಕು ಗುಂಟೆ ಎಂದು ಬಂದಿತ್ತು. ಹೆಚ್ಚುವರಿ ನಾಲ್ಕು ಗುಂಟೆ ತನ್ನದೆಂದೂ, ಅಂಚಿನಲ್ಲಿರುವ ದನದ ಕೊಟ್ಟಿಗೆ ತೆರವಾಗಬೇಕೆಂದೂ ಅವನ ವಾದ. ಅಲ್ಲಿದ್ದ ಎರಡು ಸೀಮೆ ಹಸುಗಳ ಹಾಲಿನಿಂದಲೇ ವೆಂಕಟಮ್ಮನವರ ಸಂಸಾರ ಸಾಗುತ್ತಿತ್ತು. ನಾನು ತಲುಪಿದಾಗ ಅವನು ಕೊಟ್ಟಿಗೆಯ ಒಂದು ಕಂಬವನ್ನು ಅಲುಗಿಸಿ, ಹಾರೆ ಹಿಡಿದು ನಿಂತಿದ್ದ.

“ಅತ್ಗೆ, ಕಂಪ್ಯೂಟರ್ ಸುಳ್ಳೇಳ್ತದಾ?”

“ಅದು ಯಾವತ್ತು ನಮ್ಮ ಒಲ ಉತ್ತಿತ್ತು, ರಾಜ?” ಎಂದರು ವೆಂಕಟಮ್ಮ.

ಅವರ ಹೊಲಕ್ಕೆ ಅಳತೆ ಸರಪಳಿ ಎಳೆದೆವು. ಎರಡೇ ಎಕರೆ ಬಂತು. ರಾಜಪ್ಪ ಒಪ್ಪಲಿಲ್ಲ. ಆಗ ಲ್ಯಾಪ್‌ಟಾಪ್ ತೆರೆದು, ಅಂಗಡಿಯವರು ಬಳಸಿದ ವೆಬ್ ಮರ್ಕೇಟರ್ ಎಂಬ ಪ್ರೊಜೆಕ್ಷನ್ನಿನಲ್ಲಿಯೇ ಅವನ ಹೊಲವನ್ನೂ ಅಳೆದು ತೋರಿಸಿದೆ. ಅದೂ ಎರಡು ಎಕರೆ ನಾಲ್ಕು ಗುಂಟೆ.

ಪ್ರೊಜೆಕ್ಷನ್ ಎಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ವಿಧಾನ. ಈ ವಿಧಾನದಲ್ಲಿ ಭೂಮಧ್ಯರೇಖೆಯಿಂದ ದೂರ ಸರಿದಷ್ಟೂ ನೆಲ ಹಿಗ್ಗುತ್ತದೆ. ನಮ್ಮ ಸೀಮೆಯಲ್ಲಿ ಇಪ್ಪತ್ತು ಗುಂಟೆ ಇಪ್ಪತ್ತೊಂದರಂತೆ ಕಾಣುತ್ತದೆ. ಅಳತೆಗೆ ತಕ್ಕ ಪ್ರೊಜೆಕ್ಷನ್‌ಗೆ ಬದಲಿಸಿದೊಡನೆ ಎರಡೂ ಹೊಲಗಳು ಎರಡೆರಡು ಎಕರೆಗೆ ಮರಳಿದವು.

ಸಂಜೆಯಾಗಿತ್ತು. ಚಿನ್ನ ತೆಗೆದುಳಿದ ಗಣಿ ಮಣ್ಣು ಸುರಿದ ದೂರದ ಸೈನೈಡ್ ದಿಬ್ಬ ಮಸುಕು ಬೆಳಕಿನಲ್ಲಿ ತೇಲುತ್ತಿರುವಂತಿತ್ತು. ಪರದೆಯೊಳಗೆ ಆ ದಿಬ್ಬ, ನಂದಿದುರ್ಗ ಗಣಿಯ ಕಾರ್ಮಿಕರ ಸಾಲುಮನೆಗಳು, ರೈಲು ಹಳಿ, ಎಲ್ಲವೂ ಉಸಿರೆಳೆದುಕೊಂಡು ಕೊಂಚ ದೊಡ್ಡದಾಗಿ, ಯಾರ ಜಾಗವನ್ನೂ ಕಸಿಯದೆ ನಿದ್ರಿಸುತ್ತಿರುವಂತೆ ನನಗೆ ಭಾಸವಾಯಿತು.

“ಇಬ್ರುದೂ ಬೆಳದ್ರೆ ಕಳ್ಕೊಂಡೋರ್ಯಾರು, ಸಾರ್?” ವೆಂಕಟಮ್ಮ ಕೇಳಿದರು.

“ಯಾರೂ ಇಲ್ಲಮ್ಮ.”

“ಅಂಗಾರೆ ಆ ನಾಲ್ಕು ಗುಂಟೆ ರಾಜನೇ ಇಟ್ಕೊಳ್ಳಿ. ಪರದೆ ಮ್ಯಾಲೆ ರಾಗಿ ಬಿತ್ಲಿ.”

ರಾಜಪ್ಪ ತಾನು ಅಲುಗಿಸಿದ್ದ ಕಂಬವನ್ನು ನೆಟ್ಟಗೆ ನಿಲ್ಲಿಸಿ, ಅದೇ ಹಾರೆಯಿಂದ ಬುಡದ ಮಣ್ಣು ಗಟ್ಟಿಸಿದ.

ಅಂದಿನಿಂದ ವಿಸ್ತೀರ್ಣ ತಿಳಿಸುವ ಮುನ್ನ ಯಾವ ಪ್ರೊಜೆಕ್ಷನ್ ಎಂದು ವಿಚಾರಿಸುವುದನ್ನೂ, ಒಬ್ಬರ ಹೊಲ ಅಳೆದರೆ ಪಕ್ಕದವರದನ್ನೂ ಅಳೆಯುವುದನ್ನೂ ರೂಢಿಸಿಕೊಂಡಿದ್ದೇನೆ. ಮುಂದಿನ ಬಿತ್ತನೆಯ ವೇಳೆ ಆ ದಾರಿಯಲ್ಲಿ ಹಾದುಹೋದೆ. ಬಾಂದು ಕಲ್ಲು ಅರಿಸಿನದಿಂದ ಹಳದಿಯಾಗಿತ್ತು.